ಇನ್ನೊಂದು ತುದಿಯಲ್ಲಿ ಯಾರಿದ್ದರು?

ಟೆಸ್ಟ್ ಕ್ರಿಕೆಟ್ಟಿನ ವೇಗದ ಬೌಲರುಗಳಲ್ಲಿ ಯಾರು ಹೆಚ್ಚು? ಕಾಲೇಜು ಕ್ಯಾಂಟೀನಿನಲ್ಲಿ ಎಂದಿಗೂ ಮುಗಿಯದ ಈ ವಾದದಲ್ಲಿ ನೀವೂ ಒಮ್ಮೆಯಾದರೂ ದನಿ ಏರಿಸಿರುತ್ತೀರಿ. ಒಬ್ಬ ವಿಕೆಟ್‌ಗಳನ್ನು ಎಣಿಸುತ್ತಾನೆ, ಇನ್ನೊಬ್ಬ ಸರಾಸರಿ ಹೇಳುತ್ತಾನೆ, ಮತ್ತೊಬ್ಬ ಟಿ.ವಿ. ಪರದೆಯ ಮೂಲೆಯಲ್ಲಿ ಕಾಣುವ ವೇಗದ ಅಂಕಿಯನ್ನು ಮುಂದಿಡುತ್ತಾನೆ. (ಆ ಅಂಕಿಯ ಮೇಲೆ ನಮ್ಮಂಥ ನಿರ್ಮಾಪಕರಿಗೂ ತುಸು ಮೋಹ ಜಾಸ್ತಿ.) ಮೂವರೂ ಹೇಳುವುದು ಸುಳ್ಳಲ್ಲ. ಆದರೆ ಉಷ್ಣತೆ, ಒತ್ತಡಗಳನ್ನು ಬರೆದುಕೊಳ್ಳದೆ ಎರಡು ಅನಿಲಗಳ ಗಾತ್ರವನ್ನು ಹೋಲಿಸಿದರೆ ನಿಮ್ಮ ಪ್ರಯೋಗಾಲಯದ ಮೇಷ್ಟ್ರು ಒಪ್ಪುತ್ತಾರೆಯೇ? ಬೌಲರುಗಳ ವಿಷಯದಲ್ಲಿಯೂ ಪರಿಸ್ಥಿತಿಗಳನ್ನು ಸಮವಾಗಿರಿಸಿ ನೋಡಬೇಕು. ಅದೃಷ್ಟವಶಾತ್ ಕ್ರಿಕೆಟ್ಟಿನ ಇತಿಹಾಸ ನಮಗೆ ಅಂಥದೊಂದು ಪ್ರಯೋಗವನ್ನು ಸಿದ್ಧಮಾಡಿ ಕೊಟ್ಟಿದೆ. ಅದು ಕಪಿಲ್ ದೇವ್ ಮತ್ತು ವೆಸ್ಟ್ ಇಂಡೀಸಿನ ಮಾಲ್ಕಮ್ ಮಾರ್ಷಲ್ ಅವರದು.

ಇಬ್ಬರೂ ಟೆಸ್ಟ್ ಅಂಗಳಕ್ಕೆ ಬಂದದ್ದು 1978ರಲ್ಲಿ. ಕಪಿಲ್ ಅಕ್ಟೋಬರಿನಲ್ಲಿ ಫೈಸಲಾಬಾದಿನಲ್ಲಿ ಆರಂಭಿಸಿದರೆ, ಮಾರ್ಷಲ್ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಆರಂಭಿಸಿದರು. ವೆಸ್ಟ್ ಇಂಡೀಸಿನ ಹಿರಿಯರು ಪ್ಯಾಕರ್ ಸರಣಿಗೆ ಹೋಗಿದ್ದ ಕಾಲವದು. ಒಂದೇ ಒಂದು ಪ್ರಥಮ ದರ್ಜೆ ಪಂದ್ಯವಾಡಿದ್ದ ಇಪ್ಪತ್ತರ ಹುಡುಗನಿಗೆ ಭಾರತ ಪ್ರವಾಸದ ಅವಕಾಶ ಸಿಕ್ಕಿತ್ತು. ಆಗ ಚಿಕ್ಕಮಗಳೂರಿನಿಂದ ಆಯ್ಕೆಯಾಗಿದ್ದ ಇಂದಿರಾ ಗಾಂಧಿಯವರ ಬಂಧನದ ನಂತರದ ಗಲಭೆಯಿಂದಾಗಿ ಆ ಬೆಂಗಳೂರು ಟೆಸ್ಟಿನ ಕೊನೆಯ ದಿನದ ಆಟವೇ ನಡೆಯಲಿಲ್ಲ. ಮಾರ್ಷಲ್ ಯಾರ ಗಮನಕ್ಕೂ ಬರಲಿಲ್ಲ.

ಈಗ ಇಬ್ಬರ ಒಟ್ಟು ಲೆಕ್ಕ ನೋಡಿ. ಮಾರ್ಷಲ್ 81 ಟೆಸ್ಟುಗಳಲ್ಲಿ 376 ವಿಕೆಟ್ ಪಡೆದರು, ಸರಾಸರಿ 20.94. ಕಪಿಲ್ 131 ಟೆಸ್ಟುಗಳಲ್ಲಿ 434 ವಿಕೆಟ್ ಪಡೆದರು, ಸರಾಸರಿ 29.64. ಅಂದರೆ ಪ್ರತಿ ವಿಕೆಟ್ಟಿಗೆ ಕಪಿಲ್ ಸುಮಾರು ಒಂಬತ್ತು ರನ್ ಹೆಚ್ಚು ತೆತ್ತರು. ವ್ಯತ್ಯಾಸ ಸಣ್ಣದಲ್ಲ.

ಆದರೆ 1983ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಭಾರತದಲ್ಲಿ ನಡೆದ ಆರು ಟೆಸ್ಟುಗಳ ಸರಣಿಯನ್ನಷ್ಟೇ ತೆಗೆದುಕೊಳ್ಳಿ. ಪಿಚ್‌ಗಳು ಅವೇ, ಹವಾಮಾನ ಅದೇ. ಮಾರ್ಷಲ್‌ಗೆ 33 ವಿಕೆಟ್, ಸರಾಸರಿ 18.81. ಕಪಿಲ್‌ಗೆ 29 ವಿಕೆಟ್, ಸರಾಸರಿ 18.51. ಒಂಬತ್ತು ರನ್ನಿನ ಅಂತರ ಎಲ್ಲಿ ಹೋಯಿತು? ಸರಣಿಯನ್ನು ಮಾತ್ರ ವೆಸ್ಟ್ ಇಂಡೀಸ್ 3-0 ಅಂತರದಿಂದ ಗೆದ್ದಿತು.

ಉತ್ತರದ ಒಂದು ಭಾಗ ಇನ್ನೊಂದು ತುದಿಯಲ್ಲಿದೆ. ಮಾರ್ಷಲ್ ಎದುರು ತುದಿಯಲ್ಲಿ ಮೈಕೆಲ್ ಹೋಲ್ಡಿಂಗ್ ಇದ್ದರು. ಅವರೊಬ್ಬರೇ 30 ವಿಕೆಟ್ ಕಿತ್ತರು. ಕಪಿಲ್ ಜೊತೆಗಿದ್ದವರು ಬಲ್ವಿಂದರ್ ಸಂಧು, ನಮ್ಮ ರೋಜರ್ ಬಿನ್ನಿ ಅವರಂಥ ಮಧ್ಯಮ ವೇಗದವರು. ಅವರ ಜಾಣ್ಮೆಯನ್ನು ಹಳಿಯುತ್ತಿಲ್ಲ, ಕ್ರಿಕೆಟ್ ಚೆಂಡಿನ ಸ್ವಭಾವವನ್ನು ನೆನೆಸಿಕೊಳ್ಳಿ. ಹೊಸ ಚೆಂಡಿನ ಹೊಲಿಗೆಯನ್ನು ಓರೆಯಾಗಿಟ್ಟು ಎಸೆದಾಗ ಹೊಲಿಗೆಯಿರುವ ಬದಿಯ ಗಾಳಿಪದರ ಕಲಕಿಹೋಗಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ. ನಯವಾದ ಬದಿಯ ಪದರ ಬೇಗ ಬಿಟ್ಟುಹೋಗುತ್ತದೆ. ಈ ಅಸಮತೆಯೇ ಚೆಂಡನ್ನು ಪಕ್ಕಕ್ಕೆ ತಳ್ಳುವ ಬಲ, ಅರ್ಥಾತ್ ಸ್ವಿಂಗ್. ಹೊಳಪು ಮಾಸಿ ಹೊಲಿಗೆ ಕುಸಿದಂತೆ ಈ ಬಲ ಕುಗ್ಗುತ್ತದೆ. ಚೆಂಡಿನ ಆ ಅಲ್ಪಾಯುಷ್ಯವನ್ನು ವೆಸ್ಟ್ ಇಂಡೀಸ್ ಎರಡೂ ತುದಿಯಿಂದ ಬಳಸಿಕೊಂಡಿತು. ಕಪಿಲ್ ಪಾಲಿಗೆ ಬಂದದ್ದು ಅದರಲ್ಲಿ ಅರ್ಧ. ಅವರ ಓವರಿನಲ್ಲಿ ಉಸಿರು ಬಿಗಿಹಿಡಿದ ದಾಂಡಿಗ ಮುಂದಿನ ಓವರಿನಲ್ಲಿ ಉಸಿರಾಡಿಕೊಳ್ಳುತ್ತಿದ್ದ.

ಅಹಮದಾಬಾದಿನ ಟೆಸ್ಟ್ ಇದಕ್ಕೆ ಕನ್ನಡಿ. ಎರಡನೆಯ ಇನಿಂಗ್ಸಿನಲ್ಲಿ ನಾಯಕ ಕಪಿಲ್ 30.3 ಓವರ್ ಎಸೆದು 83 ರನ್ನಿಗೆ 9 ವಿಕೆಟ್ ಪಡೆದರು. ವೆಸ್ಟ್ ಇಂಡೀಸ್ 201ಕ್ಕೆ ಮುಗಿಯಿತು. ಭಾರತಕ್ಕೆ ಬೇಕಿದ್ದದ್ದು 242. ನಮ್ಮವರು 103ಕ್ಕೆ ಉರುಳಿದರು.

ಇಲ್ಲಿಗೆ ಕಪಿಲ್ ಪರವಾದ ವಾದ ಗೆದ್ದಿತೆಂದು ಎದ್ದುಹೋಗಬೇಡಿ. ಒಂಟಿ ಬೌಲರಿಗೆ ಲಾಭವೂ ಇದೆ: ಹಂಚಿಕೊಳ್ಳುವವರಿಲ್ಲದ ಕಾರಣ ಬಾಲಂಗೋಚಿಗಳ ವಿಕೆಟ್ಟೂ ಅವನಿಗೇ ದಕ್ಕುತ್ತದೆ. ಇದಕ್ಕಿಂತ ಗಟ್ಟಿಯಾದ ತಕರಾರೆಂದರೆ ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿ. ಅವರೂ ಬಹುಮಟ್ಟಿಗೆ ಒಂಟಿಯೇ. ಆದರೂ 86 ಟೆಸ್ಟುಗಳಲ್ಲಿ 431 ವಿಕೆಟ್, ಸರಾಸರಿ 22.29. ತಾಯ್ನಾಡಿನ ಹಸಿರು ಪಿಚ್‌ಗಳ ಕೊಡುಗೆ ಎನ್ನೋಣವೆಂದರೆ, ಬೋಥಮ್ಮರ 373 ವಿಕೆಟ್‌ಗಳ ವಿಶ್ವದಾಖಲೆಯನ್ನು ಅವರು ಮುರಿದದ್ದು 1988ರಲ್ಲಿ, ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ! ಚೆಂಡಿನ ಹೊಲಿಗೆಯನ್ನು ನಿಖರವಾಗಿ ನೆಲಕ್ಕೆ ತಾಗಿಸುವ ಕಲೆಯಲ್ಲಿ ಹ್ಯಾಡ್ಲಿ ಕಪಿಲರಿಗಿಂತ ಮೇಲೆಂದೇ ನನ್ನ ಎಣಿಕೆ. ಕಪಿಲರ ಬಲ ಬೇರೆಯದು: ಹೊರಕ್ಕೆ ಸರಿಯುವ ಸ್ವಿಂಗ್, ಮತ್ತು ದಣಿವರಿಯದ ದೇಹ. ಗಾಯದ ಕಾರಣಕ್ಕೆ ಅವರು ಒಂದು ಟೆಸ್ಟನ್ನೂ ತಪ್ಪಿಸಿಕೊಳ್ಳಲಿಲ್ಲ. 1994ರಲ್ಲಿ ಹ್ಯಾಡ್ಲಿಯ 431ನ್ನು ಅವರು ಸರಿಗಟ್ಟಿದ್ದೂ ಬೆಂಗಳೂರಿನಲ್ಲೇ.

ಮಾರ್ಷಲ್ ಬರೀ ಜೊತೆಗಾರರ ಬಲದಿಂದ ಬೆಳೆದರೆಂದೂ ಹೇಳಲಾಗದು. ಆರಡಿಗೂ ಕಡಿಮೆ ಎತ್ತರದ ಅವರ ಬೌನ್ಸರ್ ಮೇಲೆ ಹಾರಿಹೋಗದೆ ಜಾರಿ ಮುಖದತ್ತ ನುಗ್ಗುತ್ತಿತ್ತು. ಕಾನ್ಪುರದಲ್ಲಿ ಗಾವಸ್ಕರರ ಕೈಯಿಂದ ಬ್ಯಾಟನ್ನೇ ಕೆಡವಿದ ವೇಗ ಅದು. 1984ರಲ್ಲಿ ಹೆಡಿಂಗ್ಲೆಯಲ್ಲಿ ಎಡಗೈ ಹೆಬ್ಬೆರಳು ಮುರಿದಾಗ ಪ್ಲಾಸ್ಟರ್ ಕಟ್ಟಿಕೊಂಡೇ ಬಂದು, ವೇಗ ತಗ್ಗಿಸಿ, ಸ್ವಿಂಗನ್ನೇ ನಂಬಿ 53 ರನ್ನಿಗೆ 7 ವಿಕೆಟ್ ಪಡೆದರು. ಒಂದು ಅಸ್ತ್ರ ಕೈಕೊಟ್ಟಾಗ ಇನ್ನೊಂದನ್ನು ತೆಗೆಯಬಲ್ಲ ಬೌಲರ್ ಅವರು. ನನ್ನನ್ನು ಕೇಳಿದರೆ ಮೂವರಲ್ಲಿ ಮೊದಲಿಗರು ಅವರೇ. ಕಪಿಲರಿಗಿಂತ ಮುಂದಿದ್ದರೆಂಬುದು ನಿಜ, ಆದರೆ ಆ ಮುನ್ನಡೆ ಇಡೀ ಒಂಬತ್ತು ರನ್ನಿನದಲ್ಲ.

ನಮ್ಮ ಮೈಸೂರಿನ ಶ್ರೀನಾಥರ 30.49 ಸರಾಸರಿಯನ್ನೂ ಹೀಗೆಯೇ ಓದಬೇಕು. 1991ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಆರಂಭಿಸಿದ ಅವರಿಗೆ ಸ್ಪಿನ್ನರುಗಳ ಕಾಲದ ಸ್ವದೇಶದಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ಕೊನೆಗೆ. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ 13 ವಿಕೆಟ್ ಪಡೆದರು. ಪಂದ್ಯವನ್ನು ಭಾರತ 46 ರನ್ನಿನಿಂದ ಸೋತಿತು.

ನೀವೇ ಕಣ್ಣಾರೆ ಕಂಡಿರಬಹುದಾದ ಉದಾಹರಣೆ 2024-25ರ ಆಸ್ಟ್ರೇಲಿಯಾ ಪ್ರವಾಸದ್ದು. ಜಸ್‌ಪ್ರೀತ್ ಬೂಮ್ರಾ ಐದು ಟೆಸ್ಟುಗಳಲ್ಲಿ 150ಕ್ಕೂ ಹೆಚ್ಚು ಓವರ್ ಎಸೆದು 32 ವಿಕೆಟ್ ಪಡೆದರು, ಸರಾಸರಿ 13.06. ಮೆಲ್ಬೋರ್ನಿನಲ್ಲಿ 200 ವಿಕೆಟ್ ಪೂರೈಸಿದಾಗ ಅವರ ಒಟ್ಟು ಸರಾಸರಿ ಇಪ್ಪತ್ತಕ್ಕಿಂತ ಕೆಳಗಿತ್ತು. 200 ವಿಕೆಟ್ ತಲುಪಿದ ಬೇರಾವ ಬೌಲರಿಗೂ ಅದು ಸಾಧ್ಯವಾಗಿರಲಿಲ್ಲ. ಭಾರತ ಸರಣಿಯನ್ನು 3-1ರಲ್ಲಿ ಸೋತಿತು. ಸಿಡ್ನಿಯ ಕೊನೆಯ ಇನಿಂಗ್ಸಿನ ಹೊತ್ತಿಗೆ ಬೆನ್ನು ಮಣಿದು ಅವರು ಚೆಂಡು ಹಿಡಿಯಲಾಗಲಿಲ್ಲ. ಬೇಕಿದ್ದ 162 ರನ್ನನ್ನು ಆಸ್ಟ್ರೇಲಿಯಾ ನಾಲ್ಕೇ ವಿಕೆಟ್ ಕಳೆದುಕೊಂಡು ಮುಟ್ಟಿತು.