ಗೂಡಿಗೆ ಕಾಯ್ದೆಯುಂಟು, ಬೇಲಿಗಿಲ್ಲ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಂಥ ಒಣ ಸೀಮೆಯಲ್ಲಿ ಹೊಲದ ಗಡಿ ಕಾಯುತ್ತ ಬಂದದ್ದು ಕಳ್ಳಿ, ಕತ್ತಾಳೆ, ಲಂಟಾನ, ಮುಳ್ಳುಕಂಟಿಗಳ ಹಸಿರು ಬೇಲಿ. ದನ ನುಗ್ಗದಿರಲೆಂದು ರೈತ ಬೆಳೆಸಿದ ಈ ಬೇಲಿ ಹಕ್ಕಿಗಳಿಗೂ ಮನೆ. ಬುಡದ ಹುಲ್ಲಿನಲ್ಲಿ ಗೌಜಲು ಮೊಟ್ಟೆಯಿಡುತ್ತದೆ. ಕಂಟಿಯೊಳಗೆ ಪಿಕಳಾರ, ಕೆಂಬೂತಗಳ ಸಂಸಾರ. ಇದನ್ನು ಕಿತ್ತು ತಂತಿ ಎಳೆದರೆ ಇವುಗಳ ಗತಿಯೇನು? ಕಾನೂನು ಕೊಡುವುದು ಅರ್ಧ ಉತ್ತರವನ್ನಷ್ಟೇ.

ಬ್ರಿಟಿಷ್ ಇಂಡಿಯಾದಲ್ಲಿ 1887ರಲ್ಲಿ ಬಂದ ಪಕ್ಷಿ ಸಂರಕ್ಷಣೆಯ ಕಾಯ್ದೆಯ ಕಣ್ಣು ಮಾರುಕಟ್ಟೆಯ ಮೇಲಿತ್ತು. ಮರಿ ಮಾಡುವ ಕಾಲದಲ್ಲಿ ಹಿಡಿದ, ಕೊಂದ ಹಕ್ಕಿಗಳನ್ನು ಪಟ್ಟಣ ಹಾಗೂ ದಂಡು ಪ್ರದೇಶಗಳಲ್ಲಿ ಮಾರದಂತೆ ತಡೆಯುವುದು ಅದರ ಉದ್ದೇಶ. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳಿಗಾಗಿ ತನ್ನದೇ ರೆಗ್ಯುಲೇಷನ್ ತಂದಿತು. ಅಂದಿನ ಕಾನೂನಿಗೆ ಹಕ್ಕಿಯೆಂದರೆ ಮುಖ್ಯವಾಗಿ ಬೇಟೆಯ ಹಕ್ಕಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಹಳ ಮುಂದೆ ಹೋಯಿತು. ಅದರ ಪ್ರಕಾರ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕದಡುವುದೂ ಬೇಟೆಯೇ. ಪಿಕಳಾರ ಈ ರಕ್ಷಣೆಯ ಪಟ್ಟಿಯಲ್ಲಿದೆ. ಆದ್ದರಿಂದ ಅದರ ಗೂಡಿರುವ ಕಂಟಿಯನ್ನು ಕಡಿದವನು ಕೋವಿ ಹಿಡಿಯದಿದ್ದರೂ ಕಾಯ್ದೆಯ ಕಣ್ಣಿಗೆ ಬೇಟೆಗಾರ! ಆದರೆ ಗೂಡಿಲ್ಲದ ದಿನ ಅದೇ ಬೇಲಿಯನ್ನು ಬುಡಸಮೇತ ಕಿತ್ತರೆ ಈ ಕಾಯ್ದೆಯಡಿ ಕೇಳುವವರಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆಯಲ್ಲ ಎನ್ನಬಹುದು. ಅದು ನೋಡುವುದು ಮರವನ್ನು, ಕಳ್ಳಿಸಾಲನ್ನಲ್ಲ.

ಖಾಸಗಿ ಜಾಗದಲ್ಲಿ ಗೂಡು ಉಳಿಸಿದ ಉದಾಹರಣೆ ರಾಜ್ಯದಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರವರ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹುಣಸೆ ಬಡಿಯುವ ಕಾಲವೂ ಮರಿ ಬೆಳೆಯುವ ಕಾಲವೂ ಒಂದೇ. ಹಣ್ಣು ಇಳಿಸಿದರೆ ಮರಿಗೆ ಕುತ್ತು, ಬಿಟ್ಟರೆ ಮಾಲೀಕನಿಗೆ ನಷ್ಟ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಗಮನಕ್ಕೆ ತಂದ ಮೇಲೆ, ಹಣ್ಣು ಬಿಟ್ಟುಕೊಟ್ಟ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಮರದ ಕೆಳಗೆ ಬಿದ್ದ ಹಿಕ್ಕೆಯಂತೂ ಗದ್ದೆಗೆ ಒಳ್ಳೆಯ ಗೊಬ್ಬರ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಖಾಸಗಿ ಜಮೀನಿಗೂ ಅನ್ವಯಿಸುವ ಈ ಏರ್ಪಾಡು ಕಾಯ್ದೆಗೆ ಸೇರಿದ್ದೇ 2003ರಲ್ಲಿ.

ಪಿಕಳಾರಕ್ಕೆ ಹೆಜ್ಜಾರ್ಲೆಯ ಆಕಾರವೂ ಇಲ್ಲ, ಪ್ರಸಿದ್ಧಿಯೂ ಇಲ್ಲ. ಅದರ ಗೂಡಿಗಾಗಿ ಬೇಲಿ ಉಳಿಸಿದ ರೈತನಿಗೆ ಇಂಥ ಪರಿಹಾರ ಸಿಕ್ಕೀತೇ? ಇಂಗ್ಲೆಂಡಿನಲ್ಲಿ 1997ರ ನಿಯಮಗಳು ಬೇಲಿಗೇ ರಕ್ಷಣೆ ಕೊಟ್ಟವು. ಅಲ್ಲಿ ಹೊಲದ ಬೇಲಿ ಕೀಳಬೇಕಾದರೆ ಸ್ಥಳೀಯ ಆಡಳಿತಕ್ಕೆ ಮೊದಲೇ ತಿಳಿಸಿ 42 ದಿನ ಕಾಯಬೇಕು. 30 ವರ್ಷ ದಾಟಿದ, ಮಹತ್ವದ್ದೆಂದು ಕಂಡ ಬೇಲಿಯನ್ನು ಕೀಳದಂತೆ ಆಡಳಿತ ತಡೆಯಬಹುದು.

ಚಿತ್ರದುರ್ಗ ಸೀಮೆಯಲ್ಲಿ ಬೇಲಿಗೆ ಮಚ್ಚು ಬೀಳುವುದು ಮುಂಗಾರಿಗೆ ಮುನ್ನ, ಹೊಲ ಹಸನು ಮಾಡುವ ಹೊತ್ತಿಗೆ. ಪಿಕಳಾರ ಗೂಡು ಕಟ್ಟುವುದೂ ಹೆಚ್ಚುಕಡಿಮೆ ಆಗಲೇ.