ಲುಡ್ವಿಗ್ಸ್‌ಹಾಫೆನ್ ರಾಸಾಯನಿಕ ಸ್ಥಾವರದಲ್ಲಿ ಇಂಧನ ಮಿತವ್ಯಯ ಮತ್ತು ಇಂಗಾಲ ಕಡಿತ

ಲುಡ್ವಿಗ್ಸ್‌ಹಾಫೆನ್ ರಾಸಾಯನಿಕ ಸ್ಥಾವರವು ಜರ್ಮನಿಯ ರೈನ್‌ಲ್ಯಾಂಡ್-ಪಲಾಟಿನೇಟ್ ರಾಜ್ಯದಲ್ಲಿ, ರೈನ್ ನದಿಯ ಎಡದಂಡೆಯಲ್ಲಿದೆ. ಇದು ಬಿಎಎಸ್‌ಎಫ್ ಕಂಪನಿಯ ಪ್ರಧಾನ ನೆಲೆ. ಸುಮಾರು 10 ಚದರ ಕಿಲೋಮೀಟರ್ ವಿಸ್ತೀರ್ಣದಲ್ಲಿ ಹರಡಿರುವ ಇಲ್ಲಿ ಸುಮಾರು 200 ಉತ್ಪಾದನಾ ಘಟಕಗಳಿದ್ದು, ಅವುಗಳನ್ನು ಸುಮಾರು 2,850 ಕಿಲೋಮೀಟರ್ ಉದ್ದದ ಕೊಳವೆ ಜಾಲವು ಪರಸ್ಪರ ಜೋಡಿಸುತ್ತದೆ. ಒಂದೇ ಕಂಪನಿಗೆ ಸೇರಿದ ರಾಸಾಯನಿಕ ಸಂಕೀರ್ಣಗಳಲ್ಲಿ ಇದು ಜಗತ್ತಿನ ಅತಿ ದೊಡ್ಡವುಗಳಲ್ಲೊಂದು. ಮಂಗಳೂರಿನಲ್ಲಿಯೂ ಕಂಪನಿಯ ತಯಾರಿಕಾ ಘಟಕವಿದೆಯಾದರೂ ಅದು ಇಂತಹ ಬೃಹತ್ ಸಂಕೀರ್ಣವಲ್ಲ. ಇಂಧನದ ಬಳಕೆಯನ್ನೂ ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನೂ ತಗ್ಗಿಸಲು ಈ ನೆಲೆಯಲ್ಲಿ ಕೈಗೊಂಡ ಕ್ರಮಗಳು, ಹಳೆಯ ರಾಸಾಯನಿಕ ಉದ್ಯಮವೊಂದು ಈ ದಾರಿಯಲ್ಲಿ ಎಷ್ಟು ದೂರ ಸಾಗಬಲ್ಲದು ಮತ್ತು ಎಲ್ಲಿ ತೊಡಕಿಗೆ ಸಿಲುಕುತ್ತದೆ ಎಂಬುದಕ್ಕೆ ಉದಾಹರಣೆಯಾಗಿವೆ.

ಹಿನ್ನೆಲೆ

ಕಂಪನಿಯು 1865ರಲ್ಲಿ ಫ್ರೀಡ್ರಿಕ್ ಎಂಗಲ್‌ಹಾರ್ನ್ ಅವರಿಂದ ಸ್ಥಾಪಿತವಾಯಿತು. ಹೇಬರ್-ಬಾಷ್ ವಿಧಾನದಿಂದ ಅಮೋನಿಯ ತಯಾರಿಸುವ ಜಗತ್ತಿನ ಮೊದಲ ಕಾರ್ಖಾನೆಯು 1913ರಲ್ಲಿ ಇಂದಿನ ಲುಡ್ವಿಗ್ಸ್‌ಹಾಫೆನ್ ನಗರದ ಭಾಗವಾಗಿರುವ ಒಪ್ಪಾವ್‌ನಲ್ಲಿ ಆರಂಭವಾಯಿತು.

ರಾಸಾಯನಿಕ ಉದ್ಯಮದಲ್ಲಿ ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲಗಳು ಉರುವಲು ಮಾತ್ರವಲ್ಲ, ಕಚ್ಚಾವಸ್ತುಗಳೂ ಹೌದು. ಲುಡ್ವಿಗ್ಸ್‌ಹಾಫೆನ್ ನೆಲೆಯು 2021ರಲ್ಲಿ ಸುಮಾರು 37 ಟೆರಾವ್ಯಾಟ್-ಗಂಟೆಯಷ್ಟು ನೈಸರ್ಗಿಕ ಅನಿಲವನ್ನು ಬಳಸಿತು. ಅದರಲ್ಲಿ ಸುಮಾರು ಶೇ. 60 ಭಾಗ ಉಗಿ ಹಾಗೂ ವಿದ್ಯುತ್ತಿನ ಉತ್ಪಾದನೆಗೆ ಹೋದರೆ, ಉಳಿದ ಶೇ. 40 ಭಾಗ ಅಮೋನಿಯ, ಅಸಿಟಲೀನ್ ಮುಂತಾದವುಗಳ ಕಚ್ಚಾವಸ್ತುವಾಯಿತು. ಆದ್ದರಿಂದ ಇಂಧನವನ್ನು ಬದಲಿಸಿದ ಮಾತ್ರಕ್ಕೆ ಇಂತಹ ಕಾರ್ಖಾನೆಯ ಇಂಗಾಲದ ಸಮಸ್ಯೆ ಪೂರ್ಣವಾಗಿ ಪರಿಹಾರವಾಗುವುದಿಲ್ಲ.

ಶಾಖದ ಮರುಬಳಕೆ

ಒಂದು ಘಟಕದ ಉಪೋತ್ಪನ್ನವನ್ನು ಇನ್ನೊಂದರ ಕಚ್ಚಾವಸ್ತುವಾಗಿಯೂ, ಒಂದರ ತ್ಯಾಜ್ಯ ಶಾಖವನ್ನು ಇನ್ನೊಂದರ ಇಂಧನವಾಗಿಯೂ ಬಳಸುವ ಏರ್ಪಾಡನ್ನು ಕಂಪನಿಯು 'ಫೆರ್‌ಬುಂಡ್' ಎಂದು ಕರೆಯುತ್ತದೆ. ಈ ಜರ್ಮನ್ ಪದಕ್ಕೆ 'ಜೋಡಣೆ', 'ಒಕ್ಕೂಟ' ಎಂಬ ಅರ್ಥಗಳಿವೆ. ಶಾಖವನ್ನು ಹೊರಹಾಕುವ ರಾಸಾಯನಿಕ ಕ್ರಿಯೆಗಳಿಂದ ಉಗಿಯನ್ನು ತಯಾರಿಸಿ, ಬೇರೆ ಬೇರೆ ಒತ್ತಡದ ಕೊಳವೆಗಳ ಮೂಲಕ, ಶಾಖ ಬೇಕಾದ ಘಟಕಗಳಿಗೆ ಸಾಗಿಸಲಾಗುತ್ತದೆ. ನೆಲೆಗೆ ಬೇಕಾಗುವ ಉಗಿಯಲ್ಲಿ ಸರಿಸುಮಾರು ಅರ್ಧದಷ್ಟು ಹೀಗೆ ಉತ್ಪಾದನಾ ಕ್ರಿಯೆಗಳ ಶಾಖದಿಂದಲೇ ದೊರೆಯುತ್ತದೆ.

ಉಳಿದ ಉಗಿ ಮುಖ್ಯವಾಗಿ ನೆಲೆಯೊಳಗಿನ ವಿದ್ಯುದಾಗಾರಗಳಿಂದ ಬರುತ್ತದೆ. ಇವುಗಳಲ್ಲಿ ಅನಿಲವನ್ನು ಮೊದಲು ಟರ್ಬೈನಿನಲ್ಲಿ ಉರಿಸಿ ವಿದ್ಯುತ್ ಪಡೆಯಲಾಗುತ್ತದೆ. ಹೊರಬರುವ ಬಿಸಿ ಅನಿಲದಿಂದ ನೀರನ್ನು ಕಾಯಿಸಿ ಉಗಿ ತಯಾರಿಸಲಾಗುತ್ತದೆ. ಸಾಮಾನ್ಯ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಇಂಧನದ ಶಕ್ತಿಯ ಅರ್ಧಕ್ಕೂ ಹೆಚ್ಚು ಭಾಗ ಶೀತಲ ಗೋಪುರದಲ್ಲಿಯೋ ನದಿಯಲ್ಲಿಯೋ ವ್ಯರ್ಥವಾಗುವುದುಂಟು. ಉಗಿಗೆ ಪಕ್ಕದಲ್ಲಿಯೇ ಬೇಡಿಕೆಯಿರುವ ಕಾರ್ಖಾನೆಯಲ್ಲಿ ಆ ನಷ್ಟದ ಬಹುಪಾಲನ್ನು ತಡೆಯಬಹುದು.

ನೈಟ್ರಸ್ ಆಕ್ಸೈಡ್ ನಿಯಂತ್ರಣ

ಆರಂಭದ ದೊಡ್ಡ ಕಡಿತಗಳಲ್ಲೊಂದು ಇಂಗಾಲದ ಡೈಆಕ್ಸೈಡಿಗೆ ಸಂಬಂಧಿಸಿದ್ದಲ್ಲ. ನೈಲಾನ್ ತಯಾರಿಕೆಗೆ ಬೇಕಾದ ಅಡಿಪಿಕ್ ಆಮ್ಲ ಹಾಗೂ ಗೊಬ್ಬರಕ್ಕೆ ಬೇಕಾದ ನೈಟ್ರಿಕ್ ಆಮ್ಲದ ತಯಾರಿಕೆಯಲ್ಲಿ ನೈಟ್ರಸ್ ಆಕ್ಸೈಡ್ ಉಪೋತ್ಪನ್ನವಾಗಿ ಹುಟ್ಟುತ್ತದೆ. 'ನಗಿಸುವ ಅನಿಲ' ಎಂಬ ಲಘುವಾದ ಹೆಸರಿನಿಂದ ಪರಿಚಿತವಾಗಿರುವ ಈ ಅನಿಲವು, ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ತಾಪವನ್ನು ಹಿಡಿದಿಡಬಲ್ಲದು. ವೇಗವರ್ಧಕದ ನೆರವಿನಿಂದ ಇದನ್ನು ನಿರಪಾಯಕಾರಿಯಾದ ಸಾರಜನಕ ಮತ್ತು ಆಮ್ಲಜನಕಗಳಾಗಿ ಒಡೆಯಬಹುದು. ನೈಟ್ರಿಕ್ ಆಮ್ಲದ ಘಟಕದಲ್ಲಿ ಅಮೋನಿಯವನ್ನು ಉರಿಸುವ ಪ್ಲಾಟಿನಂ ಜಾಲರಿಯ ಕೆಳಗೇ ಈ ವೇಗವರ್ಧಕದ ಪದರವನ್ನು ಇಡಲಾಗುತ್ತದೆ. ಮೂಲ ಪ್ರಕ್ರಿಯೆಯನ್ನು ಬದಲಿಸದೆ, ಹೋಲಿಕೆಯಲ್ಲಿ ಕಡಿಮೆ ವೆಚ್ಚದಲ್ಲಿ ಹೆಚ್ಚಿನ ಫಲವನ್ನು ಪಡೆದ ಕ್ರಮವಿದು. 1990ರಿಂದೀಚೆಗೆ ಮಾರಾಟವಾಗುವ ಉತ್ಪನ್ನಗಳ ಪ್ರಮಾಣ ದ್ವಿಗುಣಗೊಂಡರೂ ಒಟ್ಟು ಹೊರಸೂಸುವಿಕೆ ಅರ್ಧದಷ್ಟು ತಗ್ಗಿದೆ ಎಂದು ಕಂಪನಿಯು ಹೇಳಿಕೊಂಡಿದ್ದು, ಅದರಲ್ಲಿ ನೈಟ್ರಸ್ ಆಕ್ಸೈಡ್ ನಿಯಂತ್ರಣದ ಪಾಲು ಗಣನೀಯವಾದುದು. ಆದರೆ ಇಂತಹ ಸುಲಭದ ಕಡಿತವು ಒಮ್ಮೆ ಮಾತ್ರ ಸಿಗುವಂಥದ್ದು.

ವಿದ್ಯುತ್ತಿನಿಂದ ಕಾಯುವ ಕುಲುಮೆ

ಸ್ಟೀಮ್ ಕ್ರ್ಯಾಕರ್ ಎಂಬ ಘಟಕವು ಪೆಟ್ರೋಲಿಯಂನಿಂದ ಬಂದ ನ್ಯಾಫ್ತಾವನ್ನು ಉಗಿಯೊಡನೆ ಬೆರೆಸಿ, ಸುಮಾರು 850 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಥಿಲೀನ್, ಪ್ರೊಪಿಲೀನ್ ಮುಂತಾದ ಸಣ್ಣ ಅಣುಗಳಾಗಿ ಒಡೆಯುತ್ತದೆ. ಪ್ಲಾಸ್ಟಿಕ್‌, ಬಣ್ಣ ಮತ್ತು ಮಾರ್ಜಕಗಳ ಸರಣಿ ಇಲ್ಲಿಂದ ಆರಂಭವಾಗುತ್ತದೆ. ಕುಲುಮೆಯನ್ನು ಅಷ್ಟು ಬಿಸಿಯಾಗಿಡಲು ಅನಿಲವನ್ನು ಉರಿಸುವುದೇ ರೂಢಿ.

ಇದಕ್ಕೆ ಪರ್ಯಾಯವಾಗಿ ಬಿಎಎಸ್‌ಎಫ್, ಸೌದಿ ಅರೇಬಿಯದ ಸಾಬಿಕ್ ಮತ್ತು ಲಿಂಡೆ ಕಂಪನಿಗಳು ಜೊತೆಗೂಡಿ ನಿರ್ಮಿಸಿದ ಪ್ರಾತ್ಯಕ್ಷಿಕೆ ಘಟಕವು 2024ರ ಏಪ್ರಿಲ್‌ನಲ್ಲಿ ಉದ್ಘಾಟನೆಗೊಂಡಿತು. ಇದರಲ್ಲಿ ಎರಡು ಕುಲುಮೆಗಳಿವೆ. ಒಂದರಲ್ಲಿ ನ್ಯಾಫ್ತಾ ಹರಿಯುವ ಲೋಹದ ಕೊಳವೆಗಳಿಗೇ ನೇರವಾಗಿ ವಿದ್ಯುತ್ ಹಾಯಿಸಲಾಗುತ್ತದೆ. ಇನ್ನೊಂದರಲ್ಲಿ ಕೊಳವೆಗಳ ಸುತ್ತಲಿರುವ ತಾಪಕಗಳು ವಿಕಿರಣದ ಮೂಲಕ ಶಾಖ ನೀಡುತ್ತವೆ. ಎರಡೂ ಸೇರಿ ಗಂಟೆಗೆ ಸುಮಾರು 4 ಟನ್ ಹೈಡ್ರೋಕಾರ್ಬನ್ ಸಂಸ್ಕರಿಸಲು 6 ಮೆಗಾವ್ಯಾಟ್ ನವೀಕರಿಸಬಹುದಾದ ವಿದ್ಯುತ್ತನ್ನು ಬಳಸುತ್ತವೆ. ರೂಢಿಯ ವಿಧಾನಕ್ಕೆ ಹೋಲಿಸಿದರೆ ಈ ತಂತ್ರವು ಇಂಗಾಲದ ಡೈಆಕ್ಸೈಡನ್ನು ಕನಿಷ್ಠ ಶೇ. 90ರಷ್ಟು ತಗ್ಗಿಸಬಲ್ಲದು ಎಂಬುದು ಕಂಪನಿಗಳ ಅಂದಾಜು.

ಫೆರ್‌ಬುಂಡ್ ಜೋಡಣೆಯೇ ಇಲ್ಲಿ ಅಡ್ಡಿಯಾಗಿಯೂ ಪರಿಣಮಿಸುತ್ತದೆ. ನ್ಯಾಫ್ತಾ ಒಡೆಯುವಾಗ ಉಪೋತ್ಪನ್ನವಾಗಿ ಸಿಗುವ ಮೀಥೇನನ್ನು ರೂಢಿಯ ಕುಲುಮೆಗಳು ಇಂಧನವಾಗಿ ಉರಿಸುತ್ತವೆ. ಕುಲುಮೆಯನ್ನು ವಿದ್ಯುತ್ತಿಗೆ ಬದಲಿಸಿದರೆ ಆ ಮೀಥೇನಿಗೆ ಬೇರೆ ಉಪಯೋಗವನ್ನು ಹುಡುಕಬೇಕು. ಅದನ್ನು ಮತ್ತೊಂದೆಡೆ ಉರಿಸಿದರೆ ಉಳಿತಾಯದ ಅರ್ಥವೇ ಕುಂದುತ್ತದೆ. ಕುಲುಮೆಯ ಹೊಗೆಯ ಶಾಖದಿಂದ ದೊರೆಯುತ್ತಿದ್ದ ಉಗಿಗೂ ಪರ್ಯಾಯ ಬೇಕಾಗುತ್ತದೆ.

ಹೀಟ್ ಪಂಪ್ ಮತ್ತು ಜಲಜನಕ

ಇಂತಹ ಉಗಿಗೆ ಪರ್ಯಾಯವನ್ನು ಒದಗಿಸುವ ಸಾಧನಗಳಲ್ಲಿ ಹೀಟ್ ಪಂಪ್ ಒಂದು. ಕಡಿಮೆ ಉಷ್ಣತೆಯ ತ್ಯಾಜ್ಯ ಶಾಖವನ್ನು ಇದು ವಿದ್ಯುತ್ತಿನ ನೆರವಿನಿಂದ ಮೇಲಿನ ಉಷ್ಣತೆಗೆ ಏರಿಸುತ್ತದೆ. ಸ್ಟೀಮ್ ಕ್ರ್ಯಾಕರ್ ಒಂದನ್ನು ತಣಿಸುವಾಗ ದೊರೆಯುವ ಶಾಖದಿಂದ ವರ್ಷಕ್ಕೆ 5 ಲಕ್ಷ ಟನ್‌ವರೆಗೆ ಉಗಿ ತಯಾರಿಸಿ, ಅದನ್ನು ಮುಖ್ಯವಾಗಿ ಫಾರ್ಮಿಕ್ ಆಮ್ಲದ ಘಟಕಕ್ಕೆ ಒದಗಿಸುವ ಹೀಟ್ ಪಂಪ್ ಯೋಜನೆಗೆ ಜರ್ಮನ್ ಸರ್ಕಾರವು 2024ರಲ್ಲಿ 31 ಕೋಟಿ ಯೂರೋವರೆಗಿನ ನೆರವನ್ನು ಮಂಜೂರು ಮಾಡಿತು.

2025ರ ಮಾರ್ಚ್‌ನಲ್ಲಿ ಸೀಮೆನ್ಸ್ ಎನರ್ಜಿ ಸಹಯೋಗದಲ್ಲಿ ನಿರ್ಮಿಸಿದ 54 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದ್ವಿಭಜನಾ ಘಟಕ ಕಾರ್ಯಾರಂಭ ಮಾಡಿತು. ಇದು ನೀರನ್ನು ವಿಭಜಿಸಿ ವರ್ಷಕ್ಕೆ 8,000 ಟನ್‌ವರೆಗೆ ಜಲಜನಕವನ್ನು ನೀಡಬಲ್ಲದು. ನೈಸರ್ಗಿಕ ಅನಿಲದಿಂದ ಜಲಜನಕ ತೆಗೆಯುವ ಬದಲು ಹೀಗೆ ಮಾಡಿದರೆ ವರ್ಷಕ್ಕೆ 72,000 ಟನ್‌ವರೆಗೆ ಹೊರಸೂಸುವಿಕೆ ತಪ್ಪುತ್ತದೆ.

ಈ ಎಲ್ಲ ಉಪಾಯಗಳೂ ಅಂತಿಮವಾಗಿ ವಿದ್ಯುತ್ತನ್ನು ಅವಲಂಬಿಸಿವೆ. ಕಲ್ಲಿದ್ದಲಿನಿಂದ ಬಂದ ವಿದ್ಯುತ್ತನ್ನು ಬಳಸಿದರೆ ಹೊಗೆಯ ಕೊಳವೆ ಒಂದೆಡೆಯಿಂದ ಇನ್ನೊಂದೆಡೆಗೆ ಸ್ಥಳಾಂತರಗೊಂಡಂತಾಗುತ್ತದೆ, ಅಷ್ಟೇ. ಆದಕಾರಣ ಕಂಪನಿಯು 2021ರಲ್ಲಿ ನೆದರ್‌ಲ್ಯಾಂಡ್ಸ್ ಕರಾವಳಿಯಾಚೆಯ 1.5 ಗಿಗಾವ್ಯಾಟ್ ಸಾಮರ್ಥ್ಯದ ಹಾಲಂಡ್ಸೆ ಕುಸ್ಟ್ ಝೌಡ್ ಪವನ ವಿದ್ಯುತ್ ಯೋಜನೆಯಲ್ಲಿ ಶೇ. 49.5 ಪಾಲನ್ನು ಖರೀದಿಸಿ, ಅದರ ಒಂದು ಭಾಗವನ್ನು ಬಳಿಕ ಅಲಿಯಾನ್ಝ್ ವಿಮಾ ಕಂಪನಿಗೆ ಮಾರಿತು.

ಘಟಕಗಳ ಮುಚ್ಚುಗಡೆ ಮತ್ತು ಲೆಕ್ಕಾಚಾರ

2021ರಲ್ಲಿ ಕಂಪನಿಯು ತನ್ನ ಜಾಗತಿಕ ಹೊರಸೂಸುವಿಕೆಯನ್ನು 2018ರ 2.19 ಕೋಟಿ ಟನ್ನಿನಿಂದ 2030ರೊಳಗೆ ಶೇ. 25ರಷ್ಟು, ಅಂದರೆ 1.64 ಕೋಟಿ ಟನ್ನಿಗೆ ಇಳಿಸುವ ಗುರಿಯನ್ನು ಪ್ರಕಟಿಸಿತು. 2050ಕ್ಕೆ ನಿವ್ವಳ ಶೂನ್ಯವನ್ನು ತಲುಪುವುದು ಮುಂದಿನ ಗುರಿ. 2023ರಲ್ಲಿಯೇ ಮೊತ್ತ ಸುಮಾರು 1.69 ಕೋಟಿ ಟನ್ನಿಗೆ ಇಳಿದಿತ್ತು. ಈ ಇಳಿಕೆಯನ್ನು ಪೂರ್ತಿಯಾಗಿ ದಕ್ಷತೆಯ ಫಲವೆಂದು ಎಣಿಸುವುದು ಸರಿಯಾಗದು.

ರಷ್ಯಾದಿಂದ ಬರುತ್ತಿದ್ದ ಅನಿಲ ನಿಂತು 2022ರಲ್ಲಿ ಯುರೋಪಿನಲ್ಲಿ ಬೆಲೆ ಏರಿದಾಗ ಉತ್ಪಾದನೆಯೇ ಕುಗ್ಗಿತು. 2023ರ ಫೆಬ್ರವರಿಯಲ್ಲಿ ಲುಡ್ವಿಗ್ಸ್‌ಹಾಫೆನ್‌ನ ಎರಡು ಅಮೋನಿಯ ಘಟಕಗಳಲ್ಲಿ ಒಂದನ್ನೂ, ಪಾಲಿಯುರೆಥೇನ್ ಕಚ್ಚಾವಸ್ತುವಾದ ಟಿಡಿಐ ತಯಾರಿಸುವ ಘಟಕವನ್ನೂ ಮತ್ತು ಇನ್ನು ಕೆಲವನ್ನೂ ಮುಚ್ಚುವ ನಿರ್ಧಾರ ಪ್ರಕಟವಾಯಿತು. ಇದರಿಂದ ನೆಲೆಯ ಹೊರಸೂಸುವಿಕೆ ವರ್ಷಕ್ಕೆ ಸುಮಾರು 9 ಲಕ್ಷ ಟನ್ ಕಡಿಮೆಯಾಗುವುದೆಂದು ಕಂಪನಿ ತಿಳಿಸಿತು; ಉತ್ಪಾದನಾ ವಿಭಾಗದ ಸುಮಾರು 700 ಹುದ್ದೆಗಳಿಗೂ ಅದರ ಪೆಟ್ಟು ತಗುಲಿತು. ಮೇಲೆ ಹೇಳಿದ ವಿದ್ಯುದ್ವಿಭಜನಾ ಘಟಕ ವರ್ಷವೊಂದರಲ್ಲಿ ತಪ್ಪಿಸಬಹುದಾದ ಹೊರಸೂಸುವಿಕೆಯ ಹನ್ನೆರಡು ಪಟ್ಟಿಗಿಂತ ಇದು ಹೆಚ್ಚು. ಇನ್ನು ಮುಂದೆ ಕ್ಯಾಪ್ರೊಲ್ಯಾಕ್ಟಮ್‌ನ ಬೇಡಿಕೆಯನ್ನು ಬೆಲ್ಜಿಯಂನ ಆಂಟ್ವೆರ್ಪ್ ನೆಲೆಯಿಂದ ಪೂರೈಸುವುದಾಗಿ ಕಂಪನಿ ಹೇಳಿತು. ಒಂದೂರಿನ ಲೆಕ್ಕದಲ್ಲಿ ಕಾಣುವ ಕಡಿತವು ಜಾಗತಿಕ ಲೆಕ್ಕದಲ್ಲಿ ಪೂರ್ತಿಯಾಗಿ ಉಳಿಯದಿರಲು ಇಂತಹ ವರ್ಗಾವಣೆಗಳೂ ಕಾರಣ.

ಇದೇ ಅವಧಿಯಲ್ಲಿ ಕಂಪನಿಯು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಝಾನ್‌ಜಿಯಾಂಗ್‌ನಲ್ಲಿ ಸುಮಾರು 1,000 ಕೋಟಿ ಯೂರೋ ವೆಚ್ಚದ ಹೊಸ ಫೆರ್‌ಬುಂಡ್ ನೆಲೆಯ ನಿರ್ಮಾಣವನ್ನು ಕೈಗೊಂಡಿತು. ಆ ನೆಲೆಗೆ ನವೀಕರಿಸಬಹುದಾದ ಮೂಲಗಳಿಂದಲೇ ವಿದ್ಯುತ್ ಒದಗಿಸುವ ಯೋಜನೆಯಿದ್ದರೂ, ಅದರ ಹೊರಸೂಸುವಿಕೆ 2030ರ ಗುರಿಯೊಳಗೇ ಅಡಕವಾಗಬೇಕಾಗಿದೆ. ಖರೀದಿಸಿದ ಕಚ್ಚಾವಸ್ತುಗಳ ತಯಾರಿಕೆಯಲ್ಲಿ ಹಾಗೂ ಮಾರಾಟವಾದ ಉತ್ಪನ್ನಗಳ ಬಳಕೆ ಮತ್ತು ವಿಲೇವಾರಿಯಲ್ಲಿ ಹುಟ್ಟುವ ಹೊರಸೂಸುವಿಕೆ ಈ ಅಂಕಿಗಳಲ್ಲಿ ಸೇರಿಲ್ಲ. ಅದು ಕಂಪನಿಯ ಸ್ವಂತ ಹೊರಸೂಸುವಿಕೆಗಿಂತ ಹಲವು ಪಟ್ಟು ದೊಡ್ಡದು.