729 ಮನೆಗಳ ಪದಬಂಧ

ಪದಬಂಧ ಬಿಡಿಸುವ ಚಟವಿದ್ದವರಿಗೆ ಗೊತ್ತಿರುವ ಲೆಕ್ಕ ಇದು: ಒಂದು ಮನೆಗೆ ಒಂದು ಅಕ್ಷರ. ‘ಮರ’ ಎಂಬ ಉತ್ತರಕ್ಕೆ ಎರಡು ಮನೆ ಬೇಕು. ‘ಸ್ತ್ರೀ’ ಎಂಬುದಕ್ಕೆ ಒಂದೇ ಸಾಕು. ಒತ್ತು, ದೀರ್ಘಗಳೆಲ್ಲ ಅದೇ ಮನೆಯೊಳಗೆ. 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಆರಂಭಿಸಿದ ಆಟ ಕನ್ನಡಕ್ಕೆ ಬಂದಾಗ ನಮ್ಮ ಲಿಪಿಯ ಗುಣಕ್ಕೆ ತಕ್ಕಂತೆ ಹೀಗೆ ಹೊಂದಿಕೊಂಡಿತು. ಆದರೆ ಈ ಆಟ ಬರುವುದಕ್ಕೆ ಎಷ್ಟೋ ಮೊದಲಿನದೆನ್ನಲಾದ, ಇದಕ್ಕಿಂತ ಹಲವು ಪಾಲು ದೊಡ್ಡದಾದ ಚೌಕಗಳ ಕಾವ್ಯವೊಂದು ಕನ್ನಡದಲ್ಲಿದೆ. ಅದರಲ್ಲಿ ಅಕ್ಷರಗಳೇ ಇಲ್ಲ. ಇರುವುದೆಲ್ಲ ಅಂಕಿ.

ಅದೇ ‘ಸಿರಿಭೂವಲಯ’. ಕರ್ತೃ ಕುಮುದೇಂದು ಎಂಬ ದಿಗಂಬರ ಜೈನ ಮುನಿ. ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳಿರುವ ಒಂದು ಚೌಕಕ್ಕೆ ‘ಚಕ್ರ’ ಎಂದು ಹೆಸರು. ಒಂದು ಚಕ್ರದಲ್ಲಿ 729 ಮನೆ. ಪ್ರತಿ ಮನೆಯಲ್ಲೂ 1ರಿಂದ 64ರೊಳಗಿನ ಒಂದು ಸಂಖ್ಯೆ. ಇಂಥ ಚಕ್ರಗಳು ಸಾವಿರಕ್ಕೂ ಮಿಕ್ಕಿ ಉಳಿದು ಬಂದಿವೆ.

64ರ ಲೆಕ್ಕವೂ ಸ್ವಾರಸ್ಯವಾಗಿದೆ. ಒಂಬತ್ತು ಸ್ವರಗಳಿಗೆ ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ಮೂರು ರೂಪ ಹಿಡಿದರೆ 27. ವರ್ಗೀಯ ವ್ಯಂಜನ 25, ಅವರ್ಗೀಯ 8, ಯೋಗವಾಹ 4. ಒಟ್ಟು 64. ‘ಅ’ಕಾರಕ್ಕೆ 1, ‘ಕ್’ಗೆ 28, ‘ಮ್’ಗೆ 52, ‘ರ್’ಗೆ 54. ಹಾಗಾಗಿ ನಮ್ಮ ಪದಬಂಧದಲ್ಲಿ ಎರಡು ಮನೆ ಹಿಡಿಯುವ ‘ಮರ’ ಇಲ್ಲಿ 52, 1, 54, 1 ಎಂದು ನಾಲ್ಕು ಮನೆ ಹಿಡಿಯುತ್ತದೆ. ಕಾಗುಣಿತವನ್ನು ಬಿಡಿಸಿ ಸ್ವರವನ್ನೂ ವ್ಯಂಜನವನ್ನೂ ಬೇರೆ ಮಾಡಿದ್ದರಿಂದಲೇ ಒಂದು ಪದ್ಯದ ಮೇಲೆ ಇನ್ನೊಂದನ್ನು ಹಾಯಿಸುವುದು ಸಾಧ್ಯವಾಯಿತು. ಲಿಪಿಯನ್ನು ಬಿಟ್ಟು ಧ್ವನಿಯನ್ನು ಹಿಡಿದ ಈ ಯೋಚನೆ, ಕಾವ್ಯದ ಬಗ್ಗೆ ಯಾರು ಏನೇ ಹೇಳಲಿ, ನಿಜಕ್ಕೂ ಜಾಣತನದ್ದು.

ಅಂಕಿಗೆ ಧ್ವನಿ ಕೂಡಿಸಿದರೆ ಕೆಲಸ ಮುಗಿಯಲಿಲ್ಲ. ಎಡದಿಂದ ಬಲಕ್ಕೆ ನೇರವಾಗಿ ಓದಿದರೆ ಏನೂ ಅರ್ಥವಾಗದು. ಹೊನ್ನವಳ್ಳಿ, ತಿಪಟೂರು ಕಡೆಯ ತೆಂಗಿನ ತೋಟವನ್ನು ನೆನೆಸಿಕೊಳ್ಳಬೇಕು. ಚೌಕವಾಗಿ ಸಾಲು ಹಿಡಿದು ನೆಟ್ಟ ತೋಟದಲ್ಲಿ ನೇರ ಸಾಲಿನಲ್ಲೂ ನಡೆಯಬಹುದು, ಅಡ್ಡಲಾಗಿಯೂ ಹೋಗಬಹುದು, ಮೂಲೆಯಿಂದ ಮೂಲೆಗೂ ಹಾಯಬಹುದು; ಮರಗಳು ಅವೇ, ಎದುರಾಗುವ ಕ್ರಮ ಮಾತ್ರ ಬೇರೆ. ನಡೆಯಬೇಕಾದ ಆ ದಾರಿಗೆ ‘ಬಂಧ’ ಎಂದು ಹೆಸರು. ಚಕ್ರಬಂಧದಲ್ಲಿ ಮೇಲಿನ ಸಾಲಿನ ನಟ್ಟನಡುವಿನ ಮನೆಯಿಂದ ಹೊರಟು, ಬಲಗಡೆಯ ಕಂಬಸಾಲಿನ ಬುಡಕ್ಕೆ ಇಳಿದು, ಅಲ್ಲಿಂದ ಓರೆಯಾಗಿ ಮೇಲಕ್ಕೇರುತ್ತ ಹೋಗಬೇಕು. ಮಾಯಾಚೌಕ ತುಂಬುವವರು ಹಿಡಿಯುವ ದಾರಿಯೇ ಇದು. ನವಮಾಂಕ ಬಂಧದಲ್ಲಿ ಚಕ್ರ 81 ಮನೆಗಳ ಒಂಬತ್ತು ಭಾಗಗಳಾಗಿ ಒಡೆಯುತ್ತದೆ. ಹಂಸ, ಪದ್ಮ, ಮಯೂರ ಎಂದು ಇನ್ನೂ ಹತ್ತಾರು ಬಂಧಗಳ ಹೆಸರಿದೆ.

ಹೀಗೆ ಬಿಡಿಸಿದಾಗ ದೊರೆಯುವುದು ಸಾಂಗತ್ಯದ ಕನ್ನಡ ಪದ್ಯಗಳು. ಒಗಟು ಅಲ್ಲಿಗೂ ನಿಲ್ಲದು. ಮೊದಲ ಅಧ್ಯಾಯದ ಪದ್ಯಗಳ ಮೊದಲ ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಓದಿದರೆ ಒಂದು ಪ್ರಾಕೃತ ಗಾಥೆ, ನಡುವಿನ ಅಕ್ಷರಗಳನ್ನು ಓದಿದರೆ ಪ್ರಸಿದ್ಧವಾದ ಸಂಸ್ಕೃತ ಓಂಕಾರ ಸ್ತುತಿ.

ಇದನ್ನು ಬಿಡಿಸಿದವರ ಕಥೆಯೂ ಸಣ್ಣದಲ್ಲ. ನೆಲಮಂಗಲದ ಕಡೆಯ ದೊಡ್ಡಬೆಲೆಯ ಧರಣೇಂದ್ರ ಪಂಡಿತರ ಮನೆತನದಲ್ಲಿದ್ದ ಪ್ರತಿ ಆಯುರ್ವೇದ ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಕೈಸೇರಿತೆಂದೂ, ಅದಕ್ಕಾಗಿ ಅವರು ಹೆಂಡತಿಯ ಚಿನ್ನದ ಬಳೆಗಳನ್ನು ಕೊಟ್ಟರೆಂದೂ ಹೇಳುತ್ತಾರೆ. ತಿಪಟೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ತುಮಕೂರು ದಾಟಿದ ಮೇಲೆ ದೊಡ್ಡಬೆಲೆ ಎಂಬ ನಿಲ್ದಾಣವನ್ನು ಕಂಡಿರಬಹುದು. ಶಾಸ್ತ್ರಿಗಳ ಜೊತೆ ಕರ್ಲಮಂಗಲಂ ಶ್ರೀಕಂಠಯ್ಯನವರೂ, ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದ ಕೆ. ಅನಂತಸುಬ್ಬರಾಯರೂ ಕೂಡಿಕೊಂಡರು. 1953ರಲ್ಲಿ ಬೆಂಗಳೂರಿನ ಸರ್ವಾರ್ಥಸಿದ್ಧಿ ಸಂಘ ಮೊದಲ ಭಾಗವನ್ನು ಪ್ರಕಟಿಸಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಆಸಕ್ತಿಯಿಂದ ಹಸ್ತಪ್ರತಿಯ ಮೈಕ್ರೋಫಿಲ್ಮ್ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಸೇರಿತು.

ಕನ್ನಡ ನಾಡಿಗೆ ಇಂಥ ಬಿಡಿಸಾಟ ಹೊಸದೇನಲ್ಲ. ಭಾರವಿಯ ಕಿರಾತಾರ್ಜುನೀಯದ 15ನೆಯ ಸರ್ಗ ಚಿತ್ರಕಾವ್ಯದ ಕಸರತ್ತುಗಳಿಂದ ತುಂಬಿದೆ. ಒಂದೇ ವ್ಯಂಜನದ ಪದ್ಯ, ಯಾವ ದಿಕ್ಕಿನಿಂದ ಓದಿದರೂ ಒಂದೇ ಆಗುವ ಸರ್ವತೋಭದ್ರ ಎಲ್ಲವೂ ಅಲ್ಲಿವೆ. ಆ ಒಂದು ಸರ್ಗಕ್ಕೇ ಆರನೆಯ ಶತಮಾನದ ಗಂಗ ಅರಸ ದುರ್ವಿನೀತ ಟೀಕೆ ಬರೆದನೆಂದು ತಾಮ್ರಶಾಸನಗಳು ಹೇಳುತ್ತವೆ. ಟೀಕೆ ಉಳಿದಿಲ್ಲ. ಸುಲಭವಾದ ಸರ್ಗಗಳನ್ನು ಬಿಟ್ಟು ಅತಿ ಕಠಿಣವಾದುದನ್ನೇ ಆರಿಸಿಕೊಂಡ ಅರಸನ ಹಟವಂತೂ ಪದಬಂಧದವರಿಗೆ ಅರ್ಥವಾಗುವಂಥದು.

ತಕರಾರು ಇರುವುದು ಸಿರಿಭೂವಲಯದ ಕಾಲದ ಬಗ್ಗೆ. ಸಂಪಾದಕರು ಅದನ್ನು ಸುಮಾರು ಕ್ರಿ.ಶ. 800ಕ್ಕೆ, ರಾಷ್ಟ್ರಕೂಟರ ಕಾಲಕ್ಕೆ ಒಯ್ದರು. ಇದು ನಿಜವಾದರೆ ಕನ್ನಡ ಸಾಹಿತ್ಯ ಚರಿತ್ರೆಯನ್ನು ಮೊದಲ ಪುಟದಿಂದಲೇ ತಿದ್ದಬೇಕಾಗುತ್ತದೆ. ಆದರೆ ಅದೇ ಶತಮಾನದ ಕವಿರಾಜಮಾರ್ಗದ ಭಾಷೆಯ ಪಕ್ಕದಲ್ಲಿ ಈ ಪದ್ಯಗಳ ಭಾಷೆಯನ್ನಿಟ್ಟು ನೋಡಿದವರಿಗೆ ಅನುಮಾನ ಬಾರದಿರದು. ಇದು ಎಷ್ಟೋ ಈಚಿನ ಕನ್ನಡ. ಸಾಂಗತ್ಯ ಬೆಳೆದು ಬಳಕೆಗೆ ಬಂದದ್ದೂ ಬಹಳ ತಡವಾಗಿ. ವಿದ್ವಾಂಸರಾದ ಟಿ.ವಿ. ವೆಂಕಟಾಚಲ ಶಾಸ್ತ್ರಿಗಳು ಕೃತಿಯನ್ನು 15ನೆಯ ಶತಮಾನಕ್ಕೆ ತಂದಿದ್ದಾರೆ. ಉಳಿದಿರುವುದು ಕಾಗದದ ಪ್ರತಿಯಾದ್ದರಿಂದ ಅದು ಕಾಲನಿರ್ಣಯಕ್ಕೆ ಹೆಚ್ಚು ನೆರವಾಗದು.

ಇದರಲ್ಲಿ 718 ಭಾಷೆಗಳಿವೆ, ಅಣುವಿಜ್ಞಾನವಿದೆ, ವಿಮಾನಶಾಸ್ತ್ರವಿದೆ ಎಂಬ ಮಾತುಗಳು ಬೇರೆ. ಇಲ್ಲಿ ಪದಬಂಧದ ನಿಯಮವೇ ಉಪಯೋಗಕ್ಕೆ ಬರುತ್ತದೆ. ಅಡ್ಡ ಹಾಯುವ ಪದ ತಾಳೆಯಾದರೆ ಮಾತ್ರ ಉತ್ತರ ಸರಿ. ದಾರಿಯನ್ನು ಮೊದಲೇ ಹೇಳಿ, ಅದರಲ್ಲೇ ನಡೆದು, ಒಂದಿಡೀ ಗಾಥೆ ಸಿಕ್ಕರೆ ಅದು ಕವಿಯೇ ಇಟ್ಟದ್ದು. ಆಕಸ್ಮಿಕವಾಗಿ ಅಷ್ಟು ಅಕ್ಷರ ಕೂಡಿಬರಲಾರವು. ಬೇಕಾದಲ್ಲಿ ತಿರುಗಿ, ಬೇಕಾದ ಅಕ್ಷರ ಹೆಕ್ಕುವ ಸ್ವಾತಂತ್ರ್ಯ ಕೊಟ್ಟರೆ 729 ಮನೆಗಳಿಂದ ಏನನ್ನು ಬೇಕಾದರೂ ತೆಗೆಯಬಹುದು. ಮೊದಲ ಅಧ್ಯಾಯದ ಪ್ರಾಕೃತ, ಸಂಸ್ಕೃತ ಪದ್ಯಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಹಾಗೆಂದು ಗುಟ್ಟು ನಿಜವಾದ ಮಾತ್ರಕ್ಕೆ ಕಾಲವೂ ನಿಜವಾಗುವುದಿಲ್ಲ. 15ನೆಯ ಶತಮಾನದ ಮುನಿಯೂ ಅದನ್ನು ಹೆಣೆಯಬಲ್ಲ. ಉಳಿದ ನೂರಾರು ಭಾಷೆಗಳ ಮಾತಿಗೆ ಬಂದರೆ, ಯಾವ ಚಕ್ರ, ಯಾವ ಬಂಧ, ಎಷ್ಟನೆಯ ಮನೆಯಿಂದ ಆರಂಭ ಎಂಬುದನ್ನು ಮುದ್ರಿಸಿ ಓದುಗರ ಮುಂದಿಡಬೇಕು. ಅದನ್ನು ಇನ್ನೊಬ್ಬರು ಕುಳಿತು ಬಿಡಿಸಿ ಅದೇ ಪಂಕ್ತಿಯನ್ನು ಮುಟ್ಟಬೇಕು.